ಎಂಟು ಬಾಟಲಿ ನೀರು: ಒಂದು ಫ್ಯೂಯೆಲ್ ಸೆಲ್ ಸೋತ ಪ್ರಕರಣ

"ಮೇಡಂ, 0.86 ತೋರಿಸ್ತಿದೆ. ಮೀಟರ್ ಸರಿ ಇದೆ. ಎರಡು ಸಲ ನೋಡಿದೆ."

ಬೆಳಗ್ಗೆ ಒಂಬತ್ತು ಗಂಟೆಗೆ ಬಂದ ಫೋನ್ ಇದು. ಮಾತಾಡುತ್ತಿದ್ದವಳು ನನ್ನ ಬಳಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಅವಳ ಧ್ವನಿ ಕೇಳಿದರೇ ಗೊತ್ತಾಗುತ್ತಿತ್ತು, ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ. ಅವಳು ಪರೀಕ್ಷಿಸುತ್ತಿದ್ದದ್ದು ಒಂದು ಫ್ಯೂಯೆಲ್ ಸೆಲ್, ಅಂದರೆ ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿಸಿ ಕರೆಂಟ್ ಹುಟ್ಟಿಸುವ ಸಾಧನ. ಮೂರು ವರ್ಷ ಕೂತು ಮಾಡಿದ ಕ್ಯಾಟಲಿಸ್ಟ್, ಅಂದರೆ ಆ ಕ್ರಿಯೆಯನ್ನು ಚುರುಕಾಗಿಸುವ ವಸ್ತು, ಆ ಸೆಲ್ಲಿನೊಳಗೆ ಇತ್ತು. 400 ಗಂಟೆ ಓಡಿದ ಮೇಲೆ ಲೋಡ್ ತೆಗೆದು, ಅಂದರೆ ಕರೆಂಟ್ ಎಳೆಯುವುದನ್ನು ನಿಲ್ಲಿಸಿ ನೋಡಿದರೆ 0.95 ವೋಲ್ಟ್ ಇರಬೇಕಾದ ಜಾಗದಲ್ಲಿ 0.86 ವೋಲ್ಟ್. 90 ಮಿಲಿವೋಲ್ಟ್ ಹೋಗಿತ್ತು.

90 ಮಿಲಿವೋಲ್ಟ್ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ಫ್ಯೂಯೆಲ್ ಸೆಲ್‌ನಲ್ಲಿ ಅದು ದೊಡ್ಡ ಮೊತ್ತವೇ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ 25 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಸಿಗಬೇಕಾದದ್ದೇ 1.23 ವೋಲ್ಟ್. 80 ಡಿಗ್ರಿಗೆ ಅದು ಸುಮಾರು 1.18ಕ್ಕೆ ಇಳಿಯುತ್ತದೆ. ನಿಜವಾದ ಸೆಲ್ ಲೋಡ್ ಇಲ್ಲದೆ ಸುಮ್ನೆ ನಿಂತಾಗಲೂ ಅಲ್ಲಿಗೆ ಮುಟ್ಟುವುದಿಲ್ಲ, 0.95 ರಿಂದ 1.0 ವೋಲ್ಟ್ ಸುತ್ತ ನಿಲ್ಲುತ್ತದೆ. ಅದರಲ್ಲಿ 90 ಮಿಲಿವೋಲ್ಟ್ ಕಾಣೆಯಾದರೆ ಒಳಗೆ ಯಾವುದೋ ಭಾಗ ಕೆಟ್ಟಿದೆ ಅಂತಲೇ ಅರ್ಥ.

ಯಾವುದು ಕೆಟ್ಟಿದೆ ಅನ್ನುವುದೇ ಈ ಪ್ರಕರಣ. ಪ್ರಯೋಗಾಲಯದಲ್ಲಿ ಆವತ್ತು ಹತ್ತು ಜನರನ್ನು ಕೇಳಿದ್ದರೆ ಒಂಬತ್ತು ಜನ ಕ್ಯಾಟಲಿಸ್ಟ್ ಕಡೆಗೆ ಬೆರಳು ತೋರಿಸುತ್ತಿದ್ದರು. ಆ ಒಂಬತ್ತರಲ್ಲಿ ನಾನೂ ಇದ್ದೆ.

ಸೆಲ್ ಹೇಗಿತ್ತು

ಸೆಲ್ ಚಿಕ್ಕದು. ಕೆಲಸ ಮಾಡುವ ಜಾಗ ಐದು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲ. ನಡುವೆ 25 ಮೈಕ್ರಾನ್ ದಪ್ಪದ ನಾಫಿಯಾನ್ ಪೊರೆ. ತಲೆಕೂದಲು ಇದಕ್ಕಿಂತ ಎರಡು ಮೂರು ಪಟ್ಟು ದಪ್ಪ ಇರುತ್ತದೆ. ಪೊರೆಯ ಎರಡೂ ಮೈಗೆ ಕಪ್ಪು ಮಸಿಯ ಹಾಗೆ ಕ್ಯಾಟಲಿಸ್ಟ್ ಪದರ ಹಚ್ಚಿರುತ್ತೇವೆ. ಇಂಗಾಲದ ಪುಡಿಯ ಮೇಲೆ ಕೆಲವೇ ನ್ಯಾನೋಮೀಟರ್ ಗಾತ್ರದ ಲೋಹದ ಕಣಗಳು ಕೂತಿರುತ್ತವೆ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ.

ಪೊರೆಯ ಕೆಲಸ ಕೇಳಲು ಸರಳ, ಮಾಡಲು ಕಷ್ಟ. ಪ್ರೋಟಾನ್‌ಗಳನ್ನು ದಾಟಲು ಬಿಡಬೇಕು. ಎಲೆಕ್ಟ್ರಾನ್‌ಗಳನ್ನು ಬಿಡಬಾರದು, ಅವು ಹೊರಗಿನ ತಂತಿಯಲ್ಲೇ ಹೋಗಬೇಕು. ಗ್ಯಾಸನ್ನೂ ಬಿಡಬಾರದು. ನಾಫಿಯಾನ್‌ನ ಬೆನ್ನೆಲುಬು ಟೆಫ್ಲಾನ್ ತರಹದ್ದು. ಅದರಿಂದ ಕವಲೊಡೆದ ಸರಪಳಿಗಳ ತುದಿಯಲ್ಲಿ ಸಲ್ಫೋನಿಕ್ ಆಮ್ಲದ ಗುಂಪುಗಳಿವೆ. ಒದ್ದೆಯಾಗಿದ್ದಾಗ ಪ್ರೋಟಾನ್‌ಗಳು ಈ ಗುಂಪುಗಳ ಸುತ್ತಲಿನ ನೀರಿನ ಮೂಲಕ ಸಾಗುತ್ತವೆ. ಒಣಗಿದರೆ ದಾರಿ ಮುಚ್ಚುತ್ತದೆ. ಅದಕ್ಕೇ ಗ್ಯಾಸನ್ನು ಮೊದಲು ಬಿಸಿನೀರಿನ ಬಾಟಲಿಯಲ್ಲಿ ಗುಳ್ಳೆಯಾಡಿಸಿ, ಒದ್ದೆ ಮಾಡಿ, ಆಮೇಲೆ ಸೆಲ್ಲಿಗೆ ಕೊಡುತ್ತೇವೆ. ಈ ಬಿಸಿನೀರಿನ ಬಾಟಲಿಯ ಮಾತು ಮುಂದೆ ಮತ್ತೆ ಬರುತ್ತದೆ.

ಗಾಳಿಯ ಕಡೆಯ, ಅಂದರೆ ಕ್ಯಾಥೋಡ್ ಕಡೆಯ, ಕ್ಯಾಟಲಿಸ್ಟ್ ನಮ್ಮ ಹುಡುಗಿಯದು: ಪ್ಲಾಟಿನಂ ಮತ್ತು ಕೋಬಾಲ್ಟ್ ಮಿಶ್ರಲೋಹ. ಪ್ಲಾಟಿನಂ ಜೊತೆ ಅದಕ್ಕಿಂತ ಚಿಕ್ಕ ಕೋಬಾಲ್ಟ್ ಪರಮಾಣು ಸೇರಿಸಿದರೆ ಪ್ಲಾಟಿನಂ ಪರಮಾಣುಗಳು ಒಂದಕ್ಕೊಂದು ಸ್ವಲ್ಪ ಹತ್ತಿರ ಸರಿಯುತ್ತವೆ. ಆಗ ಅವು ಆಕ್ಸಿಜನ್ನನ್ನು ತೀರಾ ಬಿಗಿಯಾಗಿ ಹಿಡಿಯುವುದಿಲ್ಲ, ಕೆಲಸ ಮುಗಿದ ಕೂಡಲೇ ಬಿಟ್ಟುಕೊಡುತ್ತವೆ. ಕ್ರಿಯೆ ಬೇಗ ಸಾಗುತ್ತದೆ. ಅಷ್ಟೇ ಪ್ಲಾಟಿನಂನಲ್ಲಿ ಜಾಸ್ತಿ ಕೆಲಸ. ನಮ್ಮ ಕ್ಯಾಥೋಡ್‌ನಲ್ಲಿ ಇದ್ದದ್ದು ಚದರ ಸೆಂಟಿಮೀಟರಿಗೆ 0.2 ಮಿಲಿಗ್ರಾಂ, ಅಂದರೆ ಇಡೀ ಕ್ಯಾಥೋಡ್‌ಗೆ ಬರೀ 5 ಮಿಲಿಗ್ರಾಂ ಪ್ಲಾಟಿನಂ.

ಆದರೆ ಕೋಬಾಲ್ಟ್ ಆಮ್ಲದಲ್ಲಿ ಕರಗುತ್ತದೆ. ಪೊರೆಯೇ ಆಮ್ಲ. ಹಾಗಾಗಿ ಈ ತರಹದ ಕ್ಯಾಟಲಿಸ್ಟ್ ಬಗ್ಗೆ ಎಲ್ಲರಿಗೂ ಮೊದಲಿಂದ ಒಂದು ಅನುಮಾನ ಇದ್ದೇ ಇದೆ. ಕೋಬಾಲ್ಟ್ ಕರಗಿ ಪೊರೆಗೆ ಇಳಿಯುತ್ತದೆ, ಕಣದ ರೂಪ ಕೆಡುತ್ತದೆ, ಕೆಲಸ ನಿಲ್ಲುತ್ತದೆ ಅಂತ. ಸೆಲ್ ಸೋತಾಗ ನಾವೆಲ್ಲ ಅಷ್ಟು ಬೇಗ ತೀರ್ಪು ಕೊಡಲು ಹೊರಟಿದ್ದು ಇದಕ್ಕೇ. ಆರೋಪಿ ಮೊದಲೇ ಸಿದ್ಧವಾಗಿದ್ದ.

ಕ್ಯಾಟಲಿಸ್ಟ್ ವಿರುದ್ಧ ಇದ್ದ ಸಾಕ್ಷಿ

ಸಾಕ್ಷಿಯೂ ಸಿಕ್ಕಿತು, ಅದೇ ತೊಂದರೆ.

ಕ್ಯಾಥೋಡ್‌ಗೆ ನೈಟ್ರೋಜನ್ ಬಿಟ್ಟು, ವೋಲ್ಟೇಜನ್ನು ಮೇಲೆ ಕೆಳಗೆ ಓಡಿಸಿ, ಪ್ಲಾಟಿನಂ ಮೇಲೆ ಎಷ್ಟು ಹೈಡ್ರೋಜನ್ ಅಂಟಿ ಬಿಡುತ್ತದೆ ಅಂತ ಅಳೆಯುವ ವಿಧಾನ ಇದೆ. ಅದರ ಹೆಸರು ಸೈಕ್ಲಿಕ್ ವೋಲ್ಟಾಮೆಟ್ರಿ, ನಾವು ಸಿವಿ ಅಂತ ಕರೆಯುತ್ತೇವೆ. ಒಂದು ಚದರ ಸೆಂಟಿಮೀಟರ್ ಪ್ಲಾಟಿನಂ ಮೈಗೆ 210 ಮೈಕ್ರೋಕೂಲಂಬ್ ಅನ್ನುವ ಲೆಕ್ಕದಿಂದ, ಕೆಲಸಕ್ಕೆ ಸಿಗುವ ಪ್ಲಾಟಿನಂ ಮೈ ಎಷ್ಟಿದೆ ಅಂತ ಹೇಳಬಹುದು. ಮಾಡಿದೆವು. ಶುರುವಿನಲ್ಲಿ ಇದ್ದದ್ದರಲ್ಲಿ ಸುಮಾರು ಕಾಲು ಭಾಗ ಹೋಗಿತ್ತು.

"ಮುಗೀತು ಮೇಡಂ. ಕೋಬಾಲ್ಟ್ ಹೋಯ್ತು, ಮೈ ಹೋಯ್ತು, ವೋಲ್ಟೇಜ್ ಹೋಯ್ತು" ಅಂದಳು.

ನಾನೂ ತಲೆಯಾಡಿಸಿದೆ. ಆ ವಾರದ ಸಭೆಗೆ ಒಂದು ಪುಟ ಬರೆದೂ ಇಟ್ಟಿದ್ದೆ. ಈ ಮಿಶ್ರಣ ಕೈಬಿಡೋಣ, ಶುದ್ಧ ಪ್ಲಾಟಿನಂಗೆ ಹಿಂತಿರುಗೋಣ ಅಂತ. ಅದನ್ನು ಹರಿದು ಹಾಕಿಲ್ಲ. ಈಗಲೂ ಫೈಲಿನಲ್ಲಿದೆ.

ತಡೆದದ್ದು ಒಂದು ಸಣ್ಣ ಲೆಕ್ಕ. ಸಭೆಗೆ ಹೋಗುವ ಮುಂಚೆ ಸುಮ್ನೆ ಹಾಳೆಯ ಅಂಚಿನಲ್ಲಿ ಮಾಡಿದ್ದು. ಕ್ಯಾಟಲಿಸ್ಟ್ ಮೈ ಕಡಿಮೆಯಾದರೆ ವೋಲ್ಟೇಜ್ ನೇರವಾಗಿ ಅಷ್ಟೇ ಪಾಲು ಇಳಿಯುವುದಿಲ್ಲ, ಲಾಗರಿದಮ್ ಪ್ರಕಾರ ಇಳಿಯುತ್ತದೆ. 80 ಡಿಗ್ರಿಯಲ್ಲಿ ಹತ್ತು ಪಟ್ಟು ಬದಲಾವಣೆಗೆ ಸುಮಾರು 70 ಮಿಲಿವೋಲ್ಟ್. ಅಂದರೆ ಪ್ಲಾಟಿನಂ ಮೈ ಅರ್ಧಕ್ಕೆ ಇಳಿದರೂ ನಷ್ಟ 21 ಮಿಲಿವೋಲ್ಟ್ ಮಾತ್ರ. ಕಾಲು ಭಾಗ ಹೋದರೆ ಸುಮಾರು 9. ನಮಗೆ ಹೋಗಿದ್ದು 90.

ಉಳಿದ 80 ಎಲ್ಲಿ?

ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಅದು ಮೊದಲಿಂದಲೂ ಕಂಪ್ಯೂಟರಿನಲ್ಲಿ ಇತ್ತು, ನಾವೇ ಗಮನಿಸಿರಲಿಲ್ಲ. ಪೂರ್ತಿ ಲೋಡ್ ಕೊಟ್ಟಾಗ, ಚದರ ಸೆಂಟಿಮೀಟರಿಗೆ 1 ಆಂಪಿಯರ್ ಎಳೆದಾಗ, ಸೆಲ್ 0.65 ವೋಲ್ಟ್ ಬದಲು 0.64 ಕೊಡುತ್ತಿತ್ತು. ನಷ್ಟ ಹತ್ತೇ ಮಿಲಿವೋಲ್ಟ್. ಕೆಲಸ ಮಾಡುವಾಗ ಚೆನ್ನಾಗಿದೆ, ಸುಮ್ನೆ ನಿಂತಾಗ ಕುಸಿಯುತ್ತದೆ. ಕ್ಯಾಟಲಿಸ್ಟ್ ಸತ್ತರೆ ಹೀಗಾಗುವುದಿಲ್ಲ. ಆಗ ಕಡಿಮೆ ಲೋಡಿನಿಂದ ಜಾಸ್ತಿ ಲೋಡಿನವರೆಗೆ ವೋಲ್ಟೇಜ್ ಗ್ರಾಫಿನ ಇಡೀ ಗೆರೆ ಒಟ್ಟಿಗೆ ಕೆಳಗೆ ಸರಿಯಬೇಕು. ನಮ್ಮ ಗೆರೆಯ ಎಡತುದಿ, ಅಂದರೆ ಲೋಡ್ ಇಲ್ಲದ ಕಡೆ, ಮಾತ್ರ ಜೋತುಬಿದ್ದಿತ್ತು.

ಎಡತುದಿ ಜೋತುಬೀಳುವುದು ಗ್ಯಾಸ್ ಸೋರಿದಾಗ. ಹೈಡ್ರೋಜನ್ ಪೊರೆಯಲ್ಲಿ ನುಸುಳಿ ಗಾಳಿಯ ಕಡೆಗೆ ಹೋದರೆ ಅಲ್ಲೇ ಪ್ಲಾಟಿನಂ ಮೇಲೆ ಉರಿದು ಹೋಗುತ್ತದೆ. ತಂತಿಯಲ್ಲಿ ಕರೆಂಟ್ ಹರಿಯದಿದ್ದರೂ ಒಳಗೊಳಗೇ ಕರೆಂಟ್ ಹರಿದ ಹಾಗೆ ಆಗುತ್ತದೆ. ದೊಡ್ಡ ಲೋಡಿನಲ್ಲಿ ಈ ಕಳ್ಳ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ. ಲೋಡ್ ತೆಗೆದಾಗ ಅದೊಂದೇ ಉಳಿಯುತ್ತದೆ.

ಸೋರಿಕೆ ಅಳೆದೆವು. ಗಾಳಿಯ ಕಡೆ ನೈಟ್ರೋಜನ್ ಬಿಟ್ಟು ಸುಮಾರು 0.4 ವೋಲ್ಟ್ ಹಾಕಿದರೆ, ನುಸುಳಿ ಬಂದ ಹೈಡ್ರೋಜನ್ ಅಷ್ಟನ್ನೂ ಕರೆಂಟಾಗಿ ಎಣಿಸಬಹುದು. ಸೆಲ್ ಹೊಸದಿದ್ದಾಗ ಚದರ ಸೆಂಟಿಮೀಟರಿಗೆ 1.6 ಮಿಲಿಆಂಪ್ ಇತ್ತು. ಆರೋಗ್ಯವಾಗಿರುವ ಪೊರೆಗೆ ಅದು ಸರಿಯಾದ ಸಂಖ್ಯೆ. ಈಗ 30. ಗೆರೆ ಮಟ್ಟಸವಾಗಿತ್ತು, ವೋಲ್ಟೇಜ್ ಜೊತೆ ಏರುತ್ತಿರಲಿಲ್ಲ. ಅಂದರೆ ಎರಡು ಬದಿಗಳು ಎಲ್ಲೋ ತಾಗಿ ಶಾರ್ಟ್ ಆಗಿಲ್ಲ, ಗ್ಯಾಸೇ ದಾಟುತ್ತಿದೆ. 1.6ರಿಂದ 30 ಅಂದರೆ ಸುಮಾರು ಹತ್ತೊಂಬತ್ತು ಪಟ್ಟು. ಅದೇ 70 ಮಿಲಿವೋಲ್ಟ್ ಲೆಕ್ಕ ಹಾಕಿದರೆ 89 ಮಿಲಿವೋಲ್ಟ್.

ಹಾಳೆಯ ಮೇಲೆ ಆ ಸಂಖ್ಯೆ ಬಂದಾಗ ನನಗೆ ಆದ ಖುಷಿ ಹೇಳಲು ಬರುವುದಿಲ್ಲ. ಲೆಕ್ಕ ಇಷ್ಟು ನೇರವಾಗಿ ಕೂಡಿಕೊಳ್ಳುವುದು ನಮ್ಮ ಕೆಲಸದಲ್ಲಿ ಅಪರೂಪ. ಕ್ಯಾಟಲಿಸ್ಟಿನ 9 ಸೇರಿಸಿದರೆ ಸ್ವಲ್ಪ ಜಾಸ್ತಿಯೇ ಆಗುತ್ತದೆ, ನಿಜ. ಒಂದೇ ಜಾಗದಲ್ಲಿ ತೂತಿದ್ದಾಗ ಇಡೀ ಸೆಲ್ಲಿಗೆ ಸರಾಸರಿ ಹಾಕುವ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರುವುದೂ ಇಲ್ಲ. ಆದರೆ ದಿಕ್ಕು ಸಿಕ್ಕಿತು. ಸತ್ತದ್ದು ಪೊರೆ.

ಪ್ರತಿರೋಧದ ಅಳತೆ ಮಾತ್ರ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಅದು ಹೆಚ್ಚುಕಮ್ಮಿ ಹಾಗೇ ಇತ್ತು. ಪೊರೆ ತೆಳ್ಳಗಾದರೆ ಪ್ರತಿರೋಧ ಇಳಿಯುತ್ತದೆ. ಲೋಹದ ಅಯಾನುಗಳು ಪ್ರೋಟಾನ್‌ಗಳ ಜಾಗ ಹಿಡಿದರೆ ಏರುತ್ತದೆ. ಎರಡೂ ಒಟ್ಟಿಗೆ ಆದರೆ ಏನೂ ಆಗದ ಹಾಗೆ ಕಾಣುತ್ತದೆ.

ಬಾಟಲಿಗಳು

ಪೊರೆ ಸತ್ತಿದೆ ಅಂದಮಾತ್ರಕ್ಕೆ ಕ್ಯಾಟಲಿಸ್ಟ್ ಬಿಡುಗಡೆ ಆಗಲಿಲ್ಲ. ಕರಗಿದ ಕೋಬಾಲ್ಟೇ ಪೊರೆಯನ್ನು ತಿಂದಿರಬಹುದಲ್ವಾ?

ಪೊರೆ ಸಾಯುವ ಬಗೆ ಸುಮಾರು ಅರವತ್ತು ವರ್ಷದಿಂದ ಈ ವಿದ್ಯೆಯವರನ್ನು ಕಾಡುತ್ತಿದೆ. 1955ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಥಾಮಸ್ ಗ್ರಬ್ ಅಯಾನು ವಿನಿಮಯದ ಪೊರೆಯನ್ನು ಫ್ಯೂಯೆಲ್ ಸೆಲ್‌ನಲ್ಲಿ ಬಳಸಿದರು. ಅಲ್ಲೇ ಲಿಯೊನಾರ್ಡ್ ನೀಡ್ರಾಕ್ ಪೊರೆಯ ಮೇಲೆ ಪ್ಲಾಟಿನಂ ಕೂರಿಸುವ ದಾರಿ ಕಂಡುಕೊಂಡರು. 1965ರ ಆಗಸ್ಟ್‌ನಲ್ಲಿ ಎಂಟು ದಿನ ಹಾರಿದ ಜೆಮಿನಿ 5 ನೌಕೆಯಲ್ಲಿ ಇಂಥ ಸೆಲ್‌ಗಳೇ ಇದ್ದವು. ಮನುಷ್ಯರಿದ್ದ ಗಗನನೌಕೆಗೆ ಫ್ಯೂಯೆಲ್ ಸೆಲ್ ಕರೆಂಟ್ ಕೊಟ್ಟಿದ್ದು ಅದೇ ಮೊದಲು. ಆ ಕಾಲದ ಪೊರೆ ಪಾಲಿಸ್ಟೈರೀನ್ ಜಾತಿಯದು, ಅದರಲ್ಲಿ ಇಂಗಾಲ–ಹೈಡ್ರೋಜನ್ ಬಂಧಗಳಿದ್ದವು. ಸೆಲ್ ಒಳಗೆ ಹುಟ್ಟುವ, ಸಿಕ್ಕಿದ್ದರ ಜೊತೆ ಕೂಡಲೇ ಕ್ರಿಯೆಗಿಳಿಯುವ ಅಣುತುಣುಕುಗಳಾದ ರ‍್ಯಾಡಿಕಲ್‌ಗಳು ಮೊದಲು ಕಡಿಯುವುದು ಆ ಬಂಧವನ್ನೇ. ಹಾಗಾಗಿ ಆ ಪೊರೆಗಳಿಗೆ ಆಯಸ್ಸು ಕಮ್ಮಿ. ಆಮೇಲೆ ಡ್ಯುಪಾಂಟ್‌ನ ವಾಲ್ಟರ್ ಗ್ರಾಟ್ ಹೈಡ್ರೋಜನ್ ಇರುವ ಕಡೆಯೆಲ್ಲ ಫ್ಲೋರಿನ್ ಇರುವ ನಾಫಿಯಾನ್ ತಂದರು. ಆಯಸ್ಸು ಎಷ್ಟೋ ಪಟ್ಟು ಹೆಚ್ಚಿತು. ಆದರೂ ನಾಫಿಯಾನ್ ಅಮರವಲ್ಲ. ಅದರ ಸರಪಳಿಯ ತುದಿಯಲ್ಲಿ ಅಲ್ಲಲ್ಲಿ ಕಾರ್ಬಾಕ್ಸಿಲಿಕ್ ಗುಂಪುಗಳು ಉಳಿದಿರುತ್ತವೆ. ರ‍್ಯಾಡಿಕಲ್ ಅಲ್ಲಿಂದ ಹಿಡಿದು, ಹೊಲಿಗೆ ಬಿಚ್ಚಿದ ಹಾಗೆ, ಒಂದೊಂದೇ ಕೊಂಡಿ ಬಿಚ್ಚುತ್ತಾ ಹೋಗುತ್ತದೆ. ಬಿಚ್ಚಿದ ಪ್ರತಿ ಕೊಂಡಿಯಿಂದ ಫ್ಲೋರೈಡ್ ಹೊರಬಂದು ನೀರಿಗೆ ಸೇರುತ್ತದೆ.

ಅಂದರೆ ಪೊರೆ ಸಾಯುತ್ತಿದ್ದರೆ ಅದರ ಗುರುತು ಸೆಲ್‌ನಿಂದ ಹೊರಬರುವ ನೀರಿನಲ್ಲಿ ಇರಲೇಬೇಕು. ಬಹುಪಾಲು ಜನ ಆ ನೀರನ್ನು ಸಿಂಕಿಗೆ ಬಿಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೆ. 25 ಆಂಪಿಯರ್‌ನಲ್ಲಿ ನಮ್ಮ ಸೆಲ್ ಗಂಟೆಗೆ ಎಂಟು ಗ್ರಾಂಗಿಂತ ಸ್ವಲ್ಪ ಜಾಸ್ತಿ ನೀರನ್ನು ತಾನೇ ಹುಟ್ಟಿಸುತ್ತದೆ.

"ನೀರು ಇದೆ ಮೇಡಂ" ಅಂದಳು ಅವಳು.

"ಯಾವ ನೀರು?"

"ಪ್ರತಿ 50 ಗಂಟೆಗೆ ಒಂದು ಬಾಟಲಿ ಹಿಡಿದಿಟ್ಟಿದ್ದೀನಿ. ಕೋಬಾಲ್ಟ್ ನೋಡೋಣ ಅಂತ."

ಫ್ರಿಜ್ ತೆಗೆದರೆ ಎಂಟು ಪುಟ್ಟ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ತಾರೀಖು, ಗಂಟೆ, ಅವಳ ಸಣ್ಣ ಅಕ್ಷರ. ಪ್ಲಾಸ್ಟಿಕ್ ಆಗಿದ್ದದ್ದೂ ಒಳ್ಳೆಯದಾಯಿತು. ಫ್ಲೋರೈಡ್ ಇರುವ ಆಮ್ಲದ ನೀರು ಗಾಜನ್ನು ಕೆರೆಯುತ್ತದೆ. ಗಾಜಿನ ಬಾಟಲಿಯಲ್ಲಿ ತಿಂಗಳು ಇಟ್ಟಿದ್ದರೆ ಅಳತೆಯನ್ನು ನಂಬುವುದು ಕಷ್ಟ ಆಗುತ್ತಿತ್ತು. ಸೆಲ್ ಸೋತ ಕಥೆ 50 ಗಂಟೆಗೊಂದರಂತೆ ಬರೆದಿಟ್ಟ ಹಾಗೆ ಆ ಫ್ರಿಜ್‌ನಲ್ಲಿ ಇತ್ತು. ಈ ಪ್ರಕರಣದಲ್ಲಿ ನಮ್ಮನ್ನು ಉಳಿಸಿದ್ದು ಆ ಹುಡುಗಿಯ ಈ ಅಭ್ಯಾಸ. ಯಾವ ಉಪಕರಣವೂ ಅಲ್ಲ.

ಫ್ಲೋರೈಡ್ ಅಳೆಯಲು ಲ್ಯಾಂಥನಂ ಫ್ಲೋರೈಡ್ ಹರಳು ಇರುವ ಎಲೆಕ್ಟ್ರೋಡ್ ಬಳಸಿದೆವು. ನೀರಿನಲ್ಲಿ ಕಬ್ಬಿಣ ಇದ್ದರೆ ಅದು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಕಾಣದ ಹಾಗೆ ಮಾಡುತ್ತದೆ. ಹಾಗಾಗಿ ಅದನ್ನು ಬಿಡಿಸುವ ಬಫರ್ ದ್ರಾವಣ ಬೆರೆಸಿಯೇ ಅಳೆಯಬೇಕು. ಲೋಹಗಳನ್ನು ಅಳೆಯಲು ನೀರನ್ನು ಪ್ಲಾಸ್ಮಾ ಉಪಕರಣಕ್ಕೆ ಕಳಿಸಿದೆವು.

ಉತ್ತರ ಬಂದ ದಿನ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೋಬಾಲ್ಟ್ ಮೊದಲ ಬಾಟಲಿಯಲ್ಲೇ ಅತಿ ಹೆಚ್ಚು. ಎರಡನೆಯದರಲ್ಲಿ ಕಡಿಮೆ. ನಾಲ್ಕರ ಹೊತ್ತಿಗೆ ಬಹಳ ಕಡಿಮೆ. ಕಣಗಳ ಮೇಲ್ಮೈಯಲ್ಲಿ ಸಡಿಲವಾಗಿದ್ದ ಕೋಬಾಲ್ಟ್ ಮೊದಲೇ ತೊಳೆದುಹೋಗಿತ್ತು, ಒಳಗಿನದು ಪ್ಲಾಟಿನಂ ಹೊದಿಕೆಯ ಅಡಿ ಕೂತಿತ್ತು. ಫ್ಲೋರೈಡ್ ಇದಕ್ಕೆ ತದ್ವಿರುದ್ಧ. ಮೊದಲ ಮೂರು ಬಾಟಲಿಯಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ನಾಲ್ಕರಿಂದ ಏರಿಕೆ. ಆರನೆಯದರಲ್ಲಿ ದೊಡ್ಡ ಜಿಗಿತ. ಕೋಬಾಲ್ಟ್ ಜಾಸ್ತಿ ಇದ್ದಾಗ ಪೊರೆ ಚೆನ್ನಾಗಿತ್ತು, ಕೋಬಾಲ್ಟ್ ನಿಂತ ಮೇಲೆ ಪೊರೆ ಸಾಯಲು ಶುರುವಾಯಿತು.

ಮತ್ತೆ ಕಬ್ಬಿಣ. ನಾಲ್ಕನೆಯ ಬಾಟಲಿಯಿಂದ ಕಬ್ಬಿಣ ಬರಲು ಶುರುವಾಗಿತ್ತು. ನಾವು ಸೆಲ್ಲಿಗೆ ಎಲ್ಲೂ ಕಬ್ಬಿಣ ಹಾಕಿರಲಿಲ್ಲ.

ನಾಲ್ಕನೆಯ ಬಾಟಲಿಗೆ ಮುಂಚೆ ಏನಾಯಿತು

ಲಾಗ್ ಪುಸ್ತಕ ತೆಗೆದೆವು. 160ನೇ ಗಂಟೆಯ ಹತ್ತಿರ ಒಂದು ಸಾಲು. "ಗಾಳಿ ಕಡೆ ಟೆಫ್ಲಾನ್ ಟ್ಯೂಬ್ ಬಿರುಕು. ಬದಲಿಸಿದೆ."

ಬದಲಿಸಿದವರು ನಮ್ಮ ಲ್ಯಾಬಿನ ಹಿರಿಯ ಸಹಾಯಕರು. ಹುಡುಗಿ ಹೋಗಿ, "ಅಣ್ಣಾ, ಯಾವ ಟ್ಯೂಬ್ ಹಾಕಿದ್ರಿ?" ಅಂತ ಕೇಳಿದಳು. ಅವರು ಒಂದಿಷ್ಟೂ ಮುಚ್ಚಿಡದೆ ಹೇಳಿದರು. ಟೆಫ್ಲಾನ್ ಟ್ಯೂಬ್ ಆವತ್ತು ಇರಲಿಲ್ಲ. ಟೆಸ್ಟ್ ನಿಲ್ಲಬಾರದು ಅಂತ ಗೇಣುದ್ದದ ಸ್ಟೀಲ್ ಟ್ಯೂಬ್ ಹಾಕಿದ್ದರು. ಒಳ್ಳೆಯ ಸ್ಟೀಲೇ, ತುಕ್ಕು ಹಿಡಿಯದ್ದು. ಅದರ ಮೇಲೆ ಬಿಸಿ ಮಾಡುವ ಟೇಪನ್ನೂ ಸುತ್ತಿದ್ದರು. ನಾವು ಹೋಗಿ ನೋಡಿದಾಗ ಬಾಗಿದ ಜಾಗದಲ್ಲಿ ಟೇಪ್ ಎರಡು ಬೆರಳಿನಷ್ಟು ಸರಿದಿತ್ತು. ಕೈ ಇಟ್ಟೆ. ಎರಡೂ ಕಡೆ ಮುಟ್ಟಲಾಗದಷ್ಟು ಬಿಸಿ, ಆ ಎರಡು ಬೆರಳಿನ ಜಾಗ ಮಾತ್ರ ತಣ್ಣಗೆ.

ಅಲ್ಲಿ ಆಗಿದ್ದು ಇಷ್ಟು. ಬಿಸಿನೀರಿನ ಬಾಟಲಿಯಿಂದ ಆವಿ ತುಂಬಿಕೊಂಡ ಗಾಳಿ ಬರುತ್ತದೆ. ಆವಿಯಲ್ಲಿ ಕಬ್ಬಿಣ ಬರುವುದಿಲ್ಲ. ತಣ್ಣಗಿನ ಜಾಗದಲ್ಲಿ ಆವಿ ಹನಿಯಾಗುತ್ತದೆ. ಆ ಹನಿ ಒಂದು ಲವಣವೂ ಇಲ್ಲದ ಶುದ್ಧ ನೀರು. ಶುದ್ಧ ನೀರಿಗೆ ಲೋಹದ ಮೈಯಿಂದ ಅಯಾನುಗಳನ್ನು ಎತ್ತಿಕೊಳ್ಳುವ ಗುಣ ಇದೆ. ಹನಿ ಸ್ಟೀಲ್ ಮೇಲೆ ಕೂತು, ಬಿಸಿಯಲ್ಲಿ ಚೂರು ಕಬ್ಬಿಣ ಎತ್ತಿಕೊಂಡು, ಗಾಳಿಯ ರಭಸಕ್ಕೆ ಸೆಲ್ ಒಳಗೆ ಹೋಗುತ್ತದೆ. ಪೊರೆಯ ಸಲ್ಫೋನಿಕ್ ಗುಂಪುಗಳು ಪ್ರೋಟಾನ್ ಬಿಟ್ಟು ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಒಂದು ಕಬ್ಬಿಣದ ಅಯಾನು ಎರಡು ಮೂರು ಪ್ರೋಟಾನ್‌ಗಳ ಜಾಗ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಆಮೇಲಿನದು ಹಳೆಯ ರಸಾಯನ. ಸೆಲ್‌ನಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಯಾವಾಗಲೂ ಹುಟ್ಟುತ್ತಿರುತ್ತದೆ. ಪೆರಾಕ್ಸೈಡ್ ಮತ್ತು ಕಬ್ಬಿಣ ಸೇರಿದರೆ ಏನಾಗುತ್ತದೆ ಅಂತ 1894ರಲ್ಲೇ ಹೆನ್ರಿ ಫೆಂಟನ್ ತೋರಿಸಿದ್ದರು. ಅದರಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಪೊರೆಯ ಗಟ್ಟಿತನ ಪರೀಕ್ಷಿಸಲು ನಾವೇ ಬೇಕಂತಲೇ ಪೆರಾಕ್ಸೈಡ್‌ಗೆ ಚೂರು ಕಬ್ಬಿಣ ಹಾಕಿ ಪೊರೆಯನ್ನು ಮುಳುಗಿಸುತ್ತೇವೆ. ಇಲ್ಲಿ ಆ ಪರೀಕ್ಷೆ ನಮಗೆ ಗೊತ್ತಿಲ್ಲದೆ ಸೆಲ್ ಒಳಗೇ ನಡೆದಿತ್ತು. ಅಯಾನು ಖರ್ಚಾಗುವುದೂ ಇಲ್ಲ, ಒಂದೇ ಅಯಾನು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ.

ಆರನೆಯ ಬಾಟಲಿಯ ಜಿಗಿತಕ್ಕೂ ಲಾಗ್ ಪುಸ್ತಕದಲ್ಲಿ ಉತ್ತರ ಇತ್ತು. ಲೋಡ್ ಪೆಟ್ಟಿಗೆ ಬೇರೆಯವರಿಗೆ ಬೇಕಾಗಿ, ಎರಡು ದಿನ ಸೆಲ್ಲನ್ನು ಗ್ಯಾಸ್ ಬಿಟ್ಟುಕೊಂಡೇ ಲೋಡ್ ಇಲ್ಲದೆ ನಿಲ್ಲಿಸಿದ್ದರು. ಕೆಲಸ ಮಾಡದ ಸೆಲ್ ವಿಶ್ರಾಂತಿ ತಗೊಳ್ಳುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಪೊರೆಗೆ ಅದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಲೋಡ್ ಇಲ್ಲದಾಗ ಕ್ಯಾಥೋಡ್‌ನಲ್ಲಿ ಆಕ್ಸಿಜನ್ ಖರ್ಚಾಗುವುದಿಲ್ಲ, ಜಾಸ್ತಿ ಪೊರೆ ದಾಟುತ್ತದೆ. ಹೊಸ ನೀರೂ ಹುಟ್ಟುವುದಿಲ್ಲ. ಪೊರೆ ಎಷ್ಟು ದಿನ ಬಾಳುತ್ತದೆ ಅಂತ ಬೇಗ ತಿಳಿಯಬೇಕಾದಾಗ ಬೇಕಂತಲೇ ಹೀಗೆ ನಿಲ್ಲಿಸುವ ಪರೀಕ್ಷೆಯೇ ಇದೆ.

ಒಂದು ಎಡವಟ್ಟು ತಪ್ಪಿದ್ದು

ಇಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡೆ. ಹುಡುಗಿ ತಡೆದಳು.

"ಮೇಡಂ, ಹೊರಗೆ ಹೋಗೋ ದಾರಿಯಲ್ಲೂ ಸ್ಟೀಲ್ ಇದೆಯಲ್ಲ. ಪೊರೆ ಬೇರೆ ಕಾರಣಕ್ಕೆ ಕೆಟ್ಟು, ಅದರ ಫ್ಲೋರೈಡ್ ನೀರು ಆ ಸ್ಟೀಲನ್ನು ತಿಂದಿದ್ರೆ? ಆಗ ಬಾಟಲಿಯಲ್ಲಿ ಕಬ್ಬಿಣ ಬರುತ್ತೆ. ಅದು ಕಾರಣ ಅಲ್ಲ, ಪರಿಣಾಮ."

ಸರಿಯಾದ ಮಾತು. ಬಾಟಲಿಗಳ ಮೇಲಷ್ಟೇ ನಿಂತಿದ್ದರೆ ಎರಡನೆಯ ಸಲವೂ ಅವಸರದ ತೀರ್ಪು ಕೊಟ್ಟಿರುತ್ತಿದ್ದೆ.

ಸೆಲ್ ಬಿಚ್ಚಿದೆವು. ಗಾಳಿ ಒಳಗೆ ಬರುವ ಮೂಲೆಯಲ್ಲಿ, ಗ್ಯಾಸ್ಕೆಟ್ ಅಂಚಿಗೆ ಅಂಟಿಕೊಂಡು, ಉಗುರಿನಷ್ಟು ಅಗಲದ ತಿಳಿ ಕಂದು ಬಣ್ಣ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿತ್ತು. ಪೊರೆಯನ್ನು ಚೌಕಟ್ಟಿಗೆ ಹಾಕಿ, ಒಂದು ಕಡೆ ನೈಟ್ರೋಜನ್‌ನಲ್ಲಿ ಸ್ವಲ್ಪವೇ ಹೈಡ್ರೋಜನ್ ಬೆರೆಸಿ ಬಿಟ್ಟು, ಇನ್ನೊಂದು ಕಡೆಯಿಂದ ಶಾಖದ ಕ್ಯಾಮೆರಾದಲ್ಲಿ ನೋಡಿದೆವು. ತೂತಿರುವ ಕಡೆ ಹೈಡ್ರೋಜನ್ ದಾಟಿ ಗಾಳಿಯೊಂದಿಗೆ ಪ್ಲಾಟಿನಂ ಮೇಲೆ ಉರಿದು ಬಿಸಿಯಾಗುತ್ತದೆ. ಪರದೆಯ ಮೇಲೆ ಇಡೀ ಚೌಕ ನೀಲಿ. ಆ ಕಂದು ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯಿತು. ಪಕ್ಕದಲ್ಲಿ ಇನ್ನೊಂದು, ಮಂಕಾಗಿ.

ಆಮೇಲೆ ಪೊರೆಯನ್ನು ಕತ್ತರಿಸಿ ಅಡ್ಡಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆವು. ನಡುಭಾಗದಲ್ಲಿ ದಪ್ಪ 24 ಮೈಕ್ರಾನ್, ಹೆಚ್ಚುಕಮ್ಮಿ ಹೊಸದರ ಹಾಗೆ. ಮೂಲೆಯಲ್ಲಿ 11. ಪೊರೆಯ ಒಳಗೆ ಕ್ಯಾಥೋಡ್‌ಗೆ ಹತ್ತಿರದಲ್ಲಿ ಹೊಳೆಯುವ ಒಂದು ತೆಳು ಗೆರೆಯೂ ಕಂಡಿತು. ಕ್ಯಾಥೋಡ್‌ನಿಂದ ಕರಗಿ ಒಳಗೆ ಸರಿದ ಪ್ಲಾಟಿನಂ, ಎದುರಿನಿಂದ ಬರುವ ಹೈಡ್ರೋಜನ್ ಸಿಕ್ಕಿದ ಜಾಗದಲ್ಲಿ ಮತ್ತೆ ಲೋಹವಾಗಿ ಕೂತಿತ್ತು. ಕಾಣೆಯಾಗಿದ್ದ ಕಾಲು ಭಾಗದಲ್ಲಿ ಒಂದಷ್ಟು ಇಲ್ಲಿತ್ತು. ಪ್ಲಾಟಿನಂ ಕ್ಯಾಟಲಿಸ್ಟ್‌ಗಳಲ್ಲೆಲ್ಲ ಕಾಣುವ ವಯಸ್ಸಿನ ಗುರುತು ಇದು.

ಕಡೆಗೆ, ಒಳಬರುವ ಮೂಲೆಯ ಒಂದು ತುಂಡು, ಹೊರಹೋಗುವ ಮೂಲೆಯ ಒಂದು ತುಂಡು, ಎರಡನ್ನೂ ಆಮ್ಲದಲ್ಲಿ ನೆನೆಸಿ ಕಬ್ಬಿಣ ಎಷ್ಟು ಬಿಡುತ್ತದೆ ಅಂತ ಅಳೆದೆವು. ಕಬ್ಬಿಣ ಬಹುಪಾಲು ಒಳಬರುವ ಮೂಲೆಯಲ್ಲಿತ್ತು. ಹೊರದಾರಿಯ ಸ್ಟೀಲ್ ಕರಗಿದ್ದರೆ ಆ ನೀರು ಹಿಂದಕ್ಕೆ ಹರಿದು ಈ ಮೂಲೆಗೆ ಬರಲಾರದು. ಕಬ್ಬಿಣ ಬಂದದ್ದು ಮುಂದಿನಿಂದಲೇ.

ಮತ್ತೆ ಎರಡು ಸೆಲ್

ಇಷ್ಟಾದ ಮೇಲೂ ಒಂದೇ ಸೆಲ್ ನಂಬಿ ಬರೆಯಲು ಮನಸ್ಸಾಗಲಿಲ್ಲ. ಎರಡು ಹೊಸ ಸೆಲ್ ಕಟ್ಟಿದೆವು.

ಮೊದಲನೆಯದಕ್ಕೆ ಅದೇ ಪ್ಲಾಟಿನಂ–ಕೋಬಾಲ್ಟ್, ಟೆಫ್ಲಾನ್ ಟ್ಯೂಬ್, ಎಲ್ಲೂ ಸಂದಿ ಇಲ್ಲದ ಹಾಗೆ ಸುತ್ತಿದ ಟೇಪ್. ಎರಡನೆಯದಕ್ಕೆ ಕೋಬಾಲ್ಟ್ ಇಲ್ಲದ ಶುದ್ಧ ಪ್ಲಾಟಿನಂ, ಅದೇ ಹಳೆಯ ಸ್ಟೀಲ್ ಟ್ಯೂಬ್, ಬೇಕಂತಲೇ ಎರಡು ಬೆರಳು ಬಿಟ್ಟ ಟೇಪ್. ಎರಡಕ್ಕೂ 400 ಗಂಟೆ. ಎರಡಕ್ಕೂ ನಡುವೆ ಎರಡು ದಿನ ಲೋಡ್ ಇಲ್ಲದ ನಿಲುಗಡೆ. ಕೋಬಾಲ್ಟ್ ತಪ್ಪಿತಸ್ಥ ಆದರೆ ಮೊದಲನೆಯದು ಸೋಲಬೇಕು. ಕಬ್ಬಿಣ ಆದರೆ ಎರಡನೆಯದು.

ಎರಡನೆಯದು ಸೋತಿತು. 250 ಗಂಟೆ ದಾಟಿದ ಮೇಲೆ ಲೋಡ್ ಇಲ್ಲದ ವೋಲ್ಟೇಜ್ ಇಳಿಯತೊಡಗಿತು, ಫ್ಲೋರೈಡ್ ಏರಿತು, ಕಂದು ಕಲೆ ಅದೇ ಮೂಲೆಯಲ್ಲಿ ಬಂತು. ಕೋಬಾಲ್ಟ್ ಅದರ ಹತ್ತಿರವೂ ಸುಳಿದಿರಲಿಲ್ಲ. ಮೊದಲನೆಯ ಸೆಲ್ 400 ಗಂಟೆ ಮುಗಿಸಿದಾಗ ಹತ್ತು ಮಿಲಿವೋಲ್ಟ್ ಕಳಕೊಂಡಿತ್ತು. ಅದರ ಪ್ಲಾಟಿನಂ ಮೈ ಮಾತ್ರ ಸೋತ ಸೆಲ್ಲಿನಷ್ಟೇ, ಕಾಲು ಭಾಗದ ಹತ್ತಿರ ಕಡಿಮೆಯಾಗಿತ್ತು. ಅಂದರೆ ನಾವು ಮೊದಲ ದಿನ ಕೈಯಲ್ಲಿ ಹಿಡಿದ ಆ ಗಟ್ಟಿ ಸಾಕ್ಷಿ ನಿಜವೇ ಆಗಿತ್ತು. ಪೊರೆಯ ಸಾವಿಗೆ ಮಾತ್ರ ಸಂಬಂಧ ಇರಲಿಲ್ಲ.

ಲೋಡ್ ಇಲ್ಲದೆ ನಿಲ್ಲಿಸಿದ ಎರಡು ದಿನದಲ್ಲಿ ಮೊದಲನೆಯ ಸೆಲ್ಲಿನಲ್ಲೂ ಫ್ಲೋರೈಡ್ ಏರಿತ್ತು, ಲೋಡ್ ಹಾಕಿದ ಮೇಲೆ ಇಳಿಯಿತು. ಕಬ್ಬಿಣ ಇಲ್ಲದಿದ್ದರೂ ಆ ನಿಲುಗಡೆ ಪೊರೆಗೆ ಒಳ್ಳೆಯದಲ್ಲ. ಈಗ ಲೋಡ್ ಪೆಟ್ಟಿಗೆ ಕೊಡಬೇಕಾದರೆ ಮೊದಲು ನೈಟ್ರೋಜನ್ ಬಿಟ್ಟು ಗ್ಯಾಸ್ ಹೊರಹಾಕುತ್ತೇವೆ.

ಪೊರೆಯಲ್ಲಿ ಮೊದಲೇ ಸೀರಿಯಂ ಸೇರಿಸಿಬಿಟ್ಟರೆ ಆಗುತ್ತಿತ್ತಲ್ಲ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸೀರಿಯಂ ಅಯಾನು ರ‍್ಯಾಡಿಕಲ್ಲನ್ನು ಹಿಡಿದು ತಣ್ಣಗಾಗಿಸಿ, ತಾನು ಮತ್ತೆ ಮೊದಲಿನಂತಾಗುತ್ತದೆ. ಪೊರೆ ಬಹಳ ಕಾಲ ಬಾಳುತ್ತದೆ. ಆದರೆ ಅದೂ ಪ್ರೋಟಾನ್‌ಗಳ ಜಾಗವನ್ನೇ ಹಿಡಿಯುತ್ತದೆ, ಸೆಲ್ ಓಡುವಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ: ಹೊಸ ಕ್ಯಾಟಲಿಸ್ಟ್ ಪರೀಕ್ಷಿಸುವ ಸೆಲ್‌ನಲ್ಲಿ ಸೀರಿಯಂ ಹಾಕಬಾರದು. ಹಾಕಿದ್ದರೆ ಸ್ಟೀಲ್ ಟ್ಯೂಬ್ ಅಲ್ಲೇ ಇರುತ್ತಿತ್ತು, ಪೊರೆ ನಿಧಾನವಾಗಿ ಸಾಯುತ್ತಿತ್ತು, ಇನ್ನೂ ಆರು ತಿಂಗಳು ಬಿಟ್ಟು ನಾವು ಕೋಬಾಲ್ಟನ್ನೇ ಬೈಯುತ್ತಿದ್ದೆವು.

ಲ್ಯಾಬಿನ ಸಹಾಯಕರು ಈಗ ಟೆಫ್ಲಾನ್ ಟ್ಯೂಬನ್ನು ಯಾವಾಗಲೂ ಎರಡು ಸುರುಳಿ ಜಾಸ್ತಿ ಇಟ್ಟಿರುತ್ತಾರೆ. ಯಾವ ಟ್ಯೂಬ್ ಬದಲಿಸಿದರೂ ಲಾಗ್ ಪುಸ್ತಕದಲ್ಲಿ ಅದು ಯಾವುದರಿಂದ ಮಾಡಿದ್ದು ಅಂತಲೂ ಬರೆಯುತ್ತಾರೆ. ಆ ಅಂಕಣ ಹಾಕಿಸಿದ್ದು ಅವರೇ.

ಮೊದಲನೆಯ ಸೆಲ್ಲನ್ನು 400 ಗಂಟೆಗೆ ನಿಲ್ಲಿಸಲಿಲ್ಲ, ಈಗಲೂ ಓಡುತ್ತಿದೆ. ಇವತ್ತು ಬೆಳಗ್ಗೆ ಹುಡುಗಿ ಹದಿನೇಳನೆಯ ಬಾಟಲಿಗೆ ತಾರೀಖು ಬರೆದು ಫ್ರಿಜ್‌ನಲ್ಲಿ ಇಟ್ಟಳು.